ಗಜಗಟ್ಟಲೆ ಗೋಲು
ಹುಮನಾಬಾದಿನ ಅರಿವೆ ಅಂಗಡಿಯ ಮಹಾರುದ್ರಪ್ಪನವರು ಬಟ್ಟೆ ಅಳೆಯುವಾಗ ಒಂದು ಬೆರಳೂ ಹೆಚ್ಚು ಬಿಡುವವರಲ್ಲ; ನಮ್ಮೂರ ತಂಡಕ್ಕೆ ಆಡಿದ ಪಂಡರಿಯ ಫುಟ್‌ಬಾಲ್ ಗೋಲನ್ನು ಅಳೆಯುವಾಗ ಮಾತ್ರ ಅವರ ಕೈ ಬಲು ಧಾರಾಳ. ಅರವತ್ತೆಂಟನೇ ಇಸವಿಯಲ್ಲಿ ಬಸವಕಲ್ಯಾಣದ ತಂಡದ ಮೇಲೆ ಅವನು ಇಪ್ಪತ್ತು ಗಜದಿಂದ ಹೊಡೆದದ್ದು ಎಪ್ಪತ್ತೈದರ ಹೊತ್ತಿಗೆ ಐವತ್ತು ಗಜವಾಗಿತ್ತು. ಈಗ ಎಂಬತ್ತರಲ್ಲಿ ಅವನು ಪಕ್ಕದ ತನ್ನೂರು ಹುಡಗಿ ಗ್ರಾಮದಲ್ಲಿ ನಿಂತೇ ಒದೆಯುತ್ತಾನೆ, ಚೆಂಡು ಬಸ್ಸಿಗಿಂತ ಮೊದಲು ಬಂದು ನಮ್ಮ ಮೈದಾನದ ಬಲೆಗೆ ಬೀಳುತ್ತದೆ. “ಕುರಿ ಕಾಯಾಂವನ್ನ ಟೀಮಿಗಿ ತಂದಾನಂತ ಊರೆಲ್ಲಾ ನನಗ ನಕ್ಕಿತ್ರಿ. ಬೂಟ್ ಕೊಟ್ರ ಕೊರಳಿಗಿ ಹಾಕ್ಕೊಂಡು ಬರಿಗಾಲಿಲೇ ಆಡ್ದ. ಬೆದರಿದ ಕುರಿ ಹೊಳ್ಳಿಸಿದಂಗ ಚೆಂಡು ಹೊಳ್ಳಸ್ತಿದ್ದ ನೋಡ್ರಿ!” ಎನ್ನುತ್ತಾ ಅವರು ಗಜಕೋಲು ಬೀಸಿದರೆ ಬಟ್ಟೆಯ ಥಾನುಗಳು ಉರುಳುತ್ತವೆ, ಗೋಲಾಗುವವರೆಗೆ ಯಾರಿಗೂ ಧೋತರ ಸಿಗುವುದಿಲ್ಲ. ಮೊನ್ನೆ ರಾಜೇಶ್ವರದ ಗಿರಾಕಿಯೊಬ್ಬ, “ಸಾವಕಾರ್ರ, ಪಂಡರಿ ಬರೂಕ್ಕಿಂತ ಮೊದ್ಲ ಆ ಜಾಗಾದಾಗ ಯಾರ ಆಡ್ತಿದ್ರು?” ಎಂದು ಕೇಳಿದ. “ಯಾವನೋ ಒಬ್ಬಾಂವ ಇದ್ದ ಬಿಡ್ರಿ, ಅವಂಗ ಗೋಲ್ ಹೊಡೀಲಾಕ ಬರ್ತಿದ್ದಿಲ್ಲ,” ಎಂದು ನಕ್ಕು ಇವರು ಬಟ್ಟೆ ಹರಿದರು. ಪಂಡರಿ ಮೊದಲು ಆಡಿದ ದಿನ ನಾನೂ ಮೈದಾನದಲ್ಲಿದ್ದೆ. ತಂಡಕ್ಕಿದ್ದದ್ದು ಹನ್ನೊಂದೇ ಅಂಗಿ. ಆ ದಿನ ತಮ್ಮ ಮೈಮೇಲಿನ ಒಂಬತ್ತನೇ ನಂಬರಿನದನ್ನು ಬಿಚ್ಚಿ ಪಂಡರಿಗೆ ತೊಡಿಸಿ, ಬರೀ ಬನಿಯನ್ನಿನಲ್ಲಿ ಗೆರೆಯಾಚೆ ನಿಂತು, ಊರಿಗೆಲ್ಲ ಕೇಳುವಂತೆ ಅವನ ಹೆಸರು ಕೂಗಿದವರು ಇದೇ ಮಹಾರುದ್ರಪ್ಪನವರು.