ಅಜ್ಜಿಯ ಹಲ್ಲುಪುಡಿ

ನಮ್ಮಮ್ಮ ರಮಾಮಣಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಲ್ಲಿನ ವಿಷಯದಲ್ಲಿ ಮಾತ್ರ ಅಪ್ಪನ ಮಾತು ಕೇಳಿ ಕೆಟ್ಟಳು. ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಅಪ್ಪ ಅಹಮದಾಬಾದಿನ ಮಣಿನಗರದಲ್ಲಿ ರೈಲ್ವೆ ಗುಮಾಸ್ತರು. ಅಜ್ಜಿ ಮಂಡ್ಯದಿಂದ ಕಳಿಸುತ್ತಿದ್ದ ಇದ್ದಿಲು, ಉಪ್ಪಿನ ಹಲ್ಲುಪುಡಿಯೇ ಅವರಿಗೆ ದೇವರ ಪ್ರಸಾದ. ಅಮ್ಮನ ಕೆಳಹಲ್ಲುಗಳ ವಸಡು ಇಳಿದು ಬೇರು ಕಾಣತೊಡಗಿದಾಗ, “ನೀನು ಸರಿಯಾಗಿ ಉಜ್ಜಲ್ಲ, ಒತ್ತಿ ಉಜ್ಜು” ಎಂದು ದಿನವೂ ಗದರಿದರು. ಅಮ್ಮ ರಕ್ತ ಬರುವವರೆಗೆ ಉಜ್ಜಿದಳು.

ಕೊನೆಗೆ ೧೯೬೮ರಲ್ಲಿ ಅಹಮದಾಬಾದಿನ ದಂತವೈದ್ಯರೊಬ್ಬರು ಅವಳ ಅಂಗುಳಿನಿಂದ ತೆಳುವಾದ ಚರ್ಮ ತೆಗೆದು ವಸಡಿಗೆ ಹೊಲಿದರು. ಆಗ ಅದು ಅಪರೂಪದ ಚಿಕಿತ್ಸೆ. ಆ ಒರಟು ಪುಡಿಯಲ್ಲಿ ಒತ್ತಿ ಉಜ್ಜಿದ್ದರಿಂದಲೇ ವಸಡು ಸವೆದಿದೆ ಎಂದು ಅಪ್ಪನ ಎದುರೇ ಹೇಳಿ, ಒಂದು ವಾರ ಮಾತಾಡಬಾರದೆಂದು ಅಮ್ಮನಿಗೆ ತಾಕೀತು ಮಾಡಿದರು.

ಮೂರನೆಯ ದಿನ ವಿಚಾರಿಸಲು ಬಂದ ಪಕ್ಕದ ಮನೆಯ ವೇದಾಗೆ ಅಪ್ಪ, “ಹಲ್ಲುಜ್ಜೋಕೆ ಸೋಮಾರಿತನ ಕಣಮ್ಮ ಇವಳಿಗೆ” ಅಂದರು. ಅಮ್ಮನ ಕಣ್ಣು ಕೆಂಡವಾಯಿತು. ಬಾಯಿ ತೆರೆಯುವಂತಿರಲಿಲ್ಲ. ಎದ್ದು ಬಚ್ಚಲಿಗೆ ಹೋದಳು.

ಮರುದಿನ ಬೆಳಿಗ್ಗೆ, “ರಮಾ, ಹಲ್ಲುಪುಡಿ ಎಲ್ಲಿ?” ಎಂದು ಅಪ್ಪ ಕೂಗಿದರು. ಅಮ್ಮ ಅವರ ರಟ್ಟೆ ಹಿಡಿದು ಸ್ನಾನದ ಹಂಡೆಯ ಮುಂದೆ ನಿಲ್ಲಿಸಿದಳು. ಪಕ್ಕದಲ್ಲಿ ಪುಡಿಯ ಡಬ್ಬಿ ಖಾಲಿಯಾಗಿ ಬಿದ್ದಿತ್ತು. ವರ್ಷಗಳ ಮಸಿ, ಕಿಲುಬು ಉಜ್ಜಿ ತೆಗೆದು ಥಳಥಳಿಸುತ್ತಿದ್ದ ತಾಮ್ರದಲ್ಲಿ ಬಾಯಿ ಬಿಟ್ಟುಕೊಂಡು ನಿಂತ ಅಪ್ಪನ ಮುಖ ನಿಚ್ಚಳವಾಗಿ ಕಾಣುತ್ತಿತ್ತು.