ಚೆಲ್ಲದೆ ಇಟ್ಟ ನೀರು

ನನ್ನ ನಾಲಿಗೆಗೆ ಚಿಕ್ಕಂದಿನಿಂದಲೂ ಲಗಾಮಿಲ್ಲ. "ನೀ ಬಾಯಿ ತಗದ್ರ ಮೆಣಸಿನಕಾಯಿ ಘಾಟು ಎದ್ದಂಗ ಆಗ್ತದ ನೋಡು," ಎಂದು ಅವ್ವ ಅನ್ನುತ್ತಿದ್ದಳು. ಆ ನಾಲಿಗೆಯಿಂದ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಎದೆ ಹಗುರಾಗುತ್ತದೆ ಅಂತೇನೂ ಇಲ್ಲ. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಅದು ಸಾಕು.

ತೊಂಬತ್ತರ ದಶಕದ ಮೊದಮೊದಲಿನ ಮಾತು. ಉಣಕಲ್ ಕೆರೆಯಿಂದ ಸ್ವಲ್ಪ ಈಚೆಗೆ ನಮ್ಮ ಮನೆ. ಅವ್ವ, ಅಣ್ಣ, ವೈನಿ, ನಾನು. ವೈನಿ ಎಂದರೆ ಅಣ್ಣನ ಹೆಂಡತಿ, ನನಗಿಂತ ಎರಡೇ ವರ್ಷ ದೊಡ್ಡವಳು. ಅಣ್ಣನಿಗೆ ಹುಬ್ಬಳ್ಳಿ ಪೇಟೆಯಲ್ಲಿ ಸಣ್ಣದೊಂದು ಫೋಟೊ ಸ್ಟುಡಿಯೊ ಇತ್ತು. ವೈನಿ ರಾಯಾಪುರದ ಕಡೆ ಒಂದು ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸುತ್ತಿದ್ದಳು. ಅವಳ ದನಿ ಅಂದರೆ ದನಿ. ಹಿತ್ತಲಲ್ಲಿ ನಿಂತು ಅಡುಗೆಮನೆಯವರನ್ನು ಕೂಗಿದರೆ ಓಣಿಯ ಕೊನೆಯ ಮನೆಯವರು ಏನು ಎಂದು ಕೇಳುತ್ತಿದ್ದರು. ಮಗ್ಗಿಯನ್ನು ಅವಳು ಹಾಡಿನಂತೆ ಹೇಳಿಕೊಡುತ್ತಿದ್ದಳು. ಅವಳ ಹುಡುಗರು ಮನೆಗೆ ಹೋಗುವಾಗಲೂ ಅದೇ ರಾಗದಲ್ಲಿ ಎರಡೊಂದಲ ಎರಡು ಎಂದುಕೊಂಡು ಹೋಗುತ್ತಿದ್ದರು.

ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಓಣಿಯ ಬೋರಿನದು ಸವಳು ನೀರು, ಬೇಸಿಗೆಯಲ್ಲಿ ಅದೂ ಬತ್ತುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ನೀರು ಮೂರು ಕೆಲಸ ಮಾಡಬೇಕು. ಅಕ್ಕಿ ತೊಳೆದದ್ದು ಗಿಡಕ್ಕೆ, ಅರಿವೆ ಒಗೆದದ್ದು ಸಂಡಾಸಿಗೆ. ಈ ಕಾಯಿದೆಯ ಪೋಲೀಸು ನಾನೇ. ಒಮ್ಮೆ ವೈನಿ ಬ್ಲೀಚಿಂಗ್ ಪೌಡರಿನಲ್ಲಿ ಬಿಳಿ ಅರಿವೆ ನೆನೆಸಿದ್ದ ನೀರನ್ನು ಗಟಾರಿಗೆ ಸುರಿದಳು. ನಾನು ನೋಡಿದೆ.

"ಸಾಲ್ಯಾಗ ಹುಡುಗರಿಗೆ ಶ್ಯಾಣ್ಯಾತನ ಕಲಸ್ತೀರಿ, ಮನ್ಯಾಗ ಇಷ್ಟೂ ತಿಳಿಯೂದಿಲ್ಲೇನ್ರಿ? ಇದೇನು ನಿಮ್ಮ ತವರಮನಿ ಭಾವಿ ಅಂತ ತಿಳಕೊಂಡೀರೇನು?"

ತವರಿನ ಮಾತು ಎತ್ತಬಾರದಿತ್ತು. ಅವಳ ಕಣ್ಣು ತುಂಬಿದವು. ಆದರೂ ನಕ್ಕಳು. "ಆತವ್ವಾ, ಇನ್ನ ಮ್ಯಾಲ ಒಂದ ಹನಿ ಚೆಲ್ಲೂದಿಲ್ಲ," ಎಂದಳು.

ಆಮೇಲೆ ಒಂದು ತಿಂಗಳಿಗೆ, ಒಂದು ಭಾನುವಾರ, ಧಾರವಾಡದಿಂದ ನನ್ನನ್ನು ನೋಡಲು ಬರುವವರಿದ್ದರು. ಅದಕ್ಕೂ ಮೊದಲು ಇಬ್ಬರು ನೋಡಿ, ತಿಂದು, ಸುದ್ದಿ ತಿಳಿಸುತ್ತೇವೆಂದು ಹೋದವರು ಹೋಗಿಯೇ ಬಿಟ್ಟಿದ್ದರು. ಅವ್ವನಿಗೆ ನಿದ್ದೆ ಇರಲಿಲ್ಲ. ನಸುಕಿನಲ್ಲೆದ್ದು ನಾನು ಪರದೆ, ಹಾಸಿಗೆಯ ಮೇಲುಹೊದಿಕೆ ಎಲ್ಲ ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ಹಿಂಡಿದೆ. ಆ ನೀರಿನ ಬಕೀಟನ್ನು ಸಂಡಾಸಿನ ಬಾಗಿಲಿಗಿಟ್ಟೆ. ಬೋರಿನ ನೀರು ಬಿದ್ದು ಬಿದ್ದು ಸಂಡಾಸಿನ ಬಿಳಿ ಬೇಸಿನ್ ಕಂದು ಹಿಡಿದಿತ್ತು. ಅದನ್ನು ತಿಕ್ಕುವ ಸರದಿ ನನ್ನದು.

ವೈನಿ ಬಿಡಲಿಲ್ಲ. "ಇವತ್ತ ಬ್ಯಾಡ. ಬಳಿ ಇಟ್ಗೊಳ್ಳೂ ಕೈ ಅವು, ಸುಟ್ಗೊಂಡೀ," ಎಂದು ಸೀರೆ ಎತ್ತಿ ಸಿಕ್ಕಿಸಿಕೊಂಡು ಹೋದಳು. ಸೈಕಲ್ಲಿನ ಮೇಲೆ ಬಾಟಲಿ ಹೇರಿಕೊಂಡು ಬರುವವನ ಹತ್ತಿರ ಕೊಂಡ ಆಸಿಡ್ ಇತ್ತು. ಅದನ್ನು ಸುರಿದು ಕಸಬರಿಗೆಯಿಂದ ತಿಕ್ಕುವ ಸದ್ದು ನನಗೆ ಒಳಗೆ ಕೇಳುತ್ತಿತ್ತು. ನಾನು ಕನ್ನಡಿಯ ಮುಂದೆ ಕೂತು ಹೆರಳು ಹಾಕಿಕೊಳ್ಳುತ್ತಿದ್ದೆ.

"ಯಾವ ನೀರು ಹಾಕ್ಲೇ?" ಎಂದು ಅಲ್ಲಿಂದಲೇ ಕೇಳಿದಳು.

"ಬಾಗಲಕ್ಕ ಬಕೀಟು ಅದ ಅಲ್ಲಾ, ಅದನ್ನ ಹಾಕ್ರಿ. ಛಲೋ ನೀರು ಮುಟ್ಟಬ್ಯಾಡ್ರಿ," ಎಂದೆ. ಕನ್ನಡಿಯಿಂದ ಮುಖ ಸಹ ತಿರುಗಿಸಲಿಲ್ಲ.

ಅಷ್ಟೇ ನಾನು ಮಾಡಿದ್ದು. ನೀರು ಸುರಿದ ಸಪ್ಪಳವಾಯಿತು. ಆಮೇಲೆ ಬಂದ ಕೆಮ್ಮು ಅವಳದೇ ಎಂದು ನನಗೆ ಗುರುತೇ ಹತ್ತಲಿಲ್ಲ. ಓಡಿ ಹೋಗಿ ನೋಡಿದರೆ ವೈನಿ ಸಂಡಾಸಿನ ಹೊಸ್ತಿಲ ಮೇಲೆ ಅಂಗೈ ಊರಿ ತೆವಳುತ್ತಿದ್ದಳು. ಅವಳ ಹಿಂದೆ ಹಸಿರು ಹಳದಿ ಹೊಗೆ ನೆಲ ಹಿಡಿದು ಹೊರಬರುತ್ತಿತ್ತು. ನನಗೂ ಗಂಟಲು ಹಿಡಿಯಿತು. ಅವ್ವ, ನಾನು ಅವಳನ್ನು ಎಳೆದು ಹಿತ್ತಲಿನ ಕಟ್ಟೆಯ ಮೇಲೆ ಕೂರಿಸಿದೆವು. ಕಣ್ಣು ಕೆಂಡ, ಮೂಗು ಬಾಯಲ್ಲಿ ನೀರು. ಒಂದು ತಾಸಿನ ಮೇಲೆ ಸ್ವಲ್ಪ ತಡೆದಂತಾಯಿತು. "ಏನಾಗಿಲ್ಲ. ಅವರು ಬರೂ ಹೊತ್ತಾತು, ನೀ ಸೀರಿ ಉಟ್ಗೋ," ಎಂದಳು. ಆ ಮಾತು ಪಿಸುದನಿಯಲ್ಲಿ ಬಂತು.

ಅಣ್ಣ ಧಾರವಾಡದವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಇದ್ದಿದ್ದರೆ ಆಗಲೇ ದವಾಖಾನೆಗೆ ಒಯ್ಯುತ್ತಿದ್ದ. ಅವ್ವನಿಗೆ ಬೇರೆಯೇ ಹೆದರಿಕೆ. "ಈ ಕೆಮ್ಮು ಕೇಳಿದ್ರ ಮನ್ಯಾಗ ಕ್ಷಯಾ ಅದ ಅಂತಾರ. ಒಳಗ ಮಲಗವಾ, ತಾಸೊಪ್ಪತ್ತು ತಡಕೋ," ಎಂದಳು. ಒಳಕೋಣೆಯ ಕಿಟಕಿ ಮುಚ್ಚಿದವಳು ನಾನು. ಸದ್ದು ಹೊರಗೆ ಬರಬಾರದಲ್ಲ.

ಬಂದವರು ಎರಡು ತಾಸು ಕೂತರು. ಅಣ್ಣ ಒಮ್ಮೆ ಒಳಗೆ ಹಣಿಕಿದ. ತಲೆನೋವು, ನೀವು ಹೊರಗೆ ನಡೆಯಿರಿ ಎಂದು ವೈನಿ ಕೈಸನ್ನೆ ಮಾಡಿದಳಂತೆ. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಮಲಗಿದ್ದಳು. ನಾನು ಅವಲಕ್ಕಿ, ಚಹಾ ಕೊಟ್ಟೆ, ಕಾಲಿಗೆ ಬಿದ್ದೆ. ಹುಡುಗನ ತಾಯಿ ಹಿತ್ತಲಿಗೆ ಹೋಗಿ ಬಂದವರು ಅವ್ವನಿಗೆ ಹೇಳಿದರು: "ಹಿತ್ತಲಾ ನೋಡಿದ್ರ ಮನಿ ಹೆಂಗ ಅಂತ ತಿಳೀತದರಿ. ನಿಮ್ಮ ಸಂಡಾಸ ಹಾಲಿನಂಗ ಐತಿ." ನನಗೆ ಹೆಮ್ಮೆಯಾಯಿತು. ಹೌದು, ಆಯಿತು, ಸುಳ್ಳು ಯಾಕೆ ಹೇಳಲಿ. ಅವರು ಒಪ್ಪಿಗೆ ಹೇಳಿಯೇ ಎದ್ದರು.

ಅವರು ಹೋದ ಮೇಲೆ ಕೋಣೆಯ ಬಾಗಿಲು ತೆಗೆದೆವು. ವೈನಿಯ ತುಟಿ ನೀಲಿಗಟ್ಟಿತ್ತು. ಪ್ರತಿ ಉಸಿರಿಗೂ ಎದೆಯಲ್ಲಿ ಗೊರಗೊರ ಸದ್ದು. ಆಟೋದಲ್ಲಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದೆವು. ಡಾಕ್ಟರು ಏನು ಬಳಸಿದಿರಿ ಎಂದರು. ಅವ್ವ ಆಸಿಡ್ ಎಂದಳು. "ಬರೇ ಆಸಿಡ್ಡೇನ್ರಿ? ಬ್ಲೀಚಿಂಗ್ ಪೌಡರ್ ಕೂಡೇದ ಅನಸ್ತದ. ಅವೆರಡೂ ಕೂಡಿದ್ರ ವಿಷದ ಗಾಳಿ ಏಳ್ತದ. ಬಯಲು ಗಾಳಿಯಾಗ ಇಡಬೇಕಿತ್ತು, ಲಗೂ ತರಬೇಕಿತ್ತು," ಎಂದರು. ನನ್ನ ಕಡೆ ನೋಡಿದರು. "ನನಗ ಗೊತ್ತಿಲ್ರಿ," ಎಂದೆ. ಎಂಟು ದಿನದ ಒಂದೊಂದು ತಂಬಿಗೆಯ ಲೆಕ್ಕ ಗೊತ್ತಿದ್ದವಳಿಗೆ ಅದೊಂದು ಬಕೀಟು ಗೊತ್ತಿಲ್ಲವಂತೆ.

ಅಣ್ಣ ಹಣೆ ಹಣೆ ಬಡಿದುಕೊಂಡ. ಫೋಟೊ ತೊಳೆಯುವ ಹೈಪೋ ಎಂಬ ಹರಳು ಸ್ಟುಡಿಯೊದಲ್ಲಿ ಡಬ್ಬಿಗಟ್ಟಲೆ ಇರುತ್ತಿತ್ತು, ಮನೆಯ ಮಾಡದಲ್ಲೂ ಒಂದು ಡಬ್ಬಿ ಇತ್ತು. ಬ್ಲೀಚಿಂಗ್ ನೀರಿಗೆ ಅದನ್ನು ಒಂದಿಷ್ಟು ಹಾಕಿ ಕಲಸಿದರೆ ಸಾಕು, ಅದರ ಕಸುವು ಸತ್ತು ಹೋಗುತ್ತದೆ. ಏನೂ ಇಲ್ಲದಿದ್ದರೆ ಬಕೀಟನ್ನು ಒಂದೆರಡು ದಿನ ಬಿಸಿಲಿಗೆ ತೆರೆದಿಟ್ಟರೂ ತಾನೇ ಇಳಿಯುತ್ತದೆ. ಅಣ್ಣನಿಗೆ ಇದೆಲ್ಲ ಗೊತ್ತಿತ್ತು. ಹೆಂಗಸರು ಅರಿವೆ ಒಗೆಯುವಲ್ಲಿ ಅದನ್ನು ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಹದಿನೈದು ದಿನ ವೈನಿಗೆ ಮಾತಾಡಲು ಆಗಲಿಲ್ಲ. ಶಾಲೆಯ ಪಾಟಿಯನ್ನು ದಿಂಬಿನ ಹತ್ತಿರ ಇಟ್ಟುಕೊಂಡು ಬೇಕಾದ್ದನ್ನು ಬರೆದು ತೋರಿಸುತ್ತಿದ್ದಳು. ನಾನು ಹೋದರೆ ಪಾಟಿ ಮಗುಚಿಟ್ಟು ನನ್ನ ಕೈ ಹಿಡಿಯುತ್ತಿದ್ದಳು. ಜೀವ ಉಳಿಯಿತು. ದನಿ ಬರಲಿಲ್ಲ. ಬಂದದ್ದು ಒಡಕು ಪಿಸುಮಾತು. ಎರಡು ತಿಂಗಳ ಮೇಲೆ ಶಾಲೆಗೆ ಹೋದಳು. ಸುಣ್ಣದಕಡ್ಡಿಯ ಪುಡಿಗೆ ದಮ್ಮು ಏಳುತ್ತಿತ್ತು, ಹಿಂದಿನ ಸಾಲಿನ ಹುಡುಗರಿಗೆ ಅವಳು ಹೇಳಿದ್ದು ಕೇಳುತ್ತಿರಲಿಲ್ಲ. ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರ, ಸಿಟ್ಟಾಗೀರೇನ್ರಿ?" ಎಂದು ಕೇಳಿದಳಂತೆ. ಅದನ್ನು ನಗುತ್ತ ನಮಗೆ ಹೇಳಿದಳು. ಮರುದಿನದಿಂದ ಹೋಗಲಿಲ್ಲ.

ನನ್ನ ಮದುವೆ ಆಯಿತು. ಧಾರವಾಡಕ್ಕೆ ಹೋದೆ, ಮಗಳಾದಳು. ಗಂಡ ಒಳ್ಳೆಯವನು, ಅತ್ತೆಯೂ. ಅತ್ತೆ ಮಾತ್ರ ಮನೆಗೆ ಯಾರು ಬಂದರೂ, ಸಂಡಾಸ ನೋಡಿ ಸೊಸೆಯನ್ನು ತಂದುಕೊಂಡೆ ಎಂದು ಹೇಳಿ ನಗುತ್ತಿದ್ದರು. ಆ ಮಾತು ಬಂದಾಗಲೆಲ್ಲ ನಾನು ಒಳಗೆ ಎದ್ದು ಹೋಗುತ್ತಿದ್ದೆ.

ತವರಿಗೆ ಹೋದಾಗಲೆಲ್ಲ ಒಂದು ನೋಡುತ್ತಿದ್ದೆ. ಆ ಮನೆಗೆ ಆಸಿಡ್ ಮತ್ತೆ ಬರಲಿಲ್ಲ. "ಹೈಪೋ ನೀರೂ ಆಸಿಡ್ಡಿಗೆ ಆಗಿಬರೂದಿಲ್ಲ, ಅದರದ್ದ ಬ್ಯಾರೆ ಹೊಗಿ," ಎಂದು ಅಣ್ಣ ಅದನ್ನು ಬಾಗಿಲಿಂದಾಚೆಗೇ ಇಟ್ಟಿದ್ದ. ಅರಿವೆ ನೆನೆಸಿದ ದಿನ, ಒಂದು ದಿನವೂ ಬಟ್ಟೆ ಒಗೆಯದ ಅಣ್ಣ ಬಚ್ಚಲಿಗೆ ಬಂದು, ಚಮಚದಲ್ಲಿ ಹೈಪೋ ಹಾಕಿ ಕೋಲಿನಿಂದ ಕಲಸಿ ಹೋಗುತ್ತಿದ್ದ. ಸ್ಟುಡಿಯೊಗೆ ಡಿಜಿಟಲ್ ಬಂತು, ಕತ್ತಲೆ ಕೋಣೆ ಮುಚ್ಚಿತು. ಹೈಪೋ ಕೊಳ್ಳುವುದನ್ನು ಅವನು ನಿಲ್ಲಿಸಲಿಲ್ಲ. ಅವನು ನನ್ನೆದುರು ಕಲಸುವಾಗ ಹೇಳಿಬಿಡಲೇ ಅನಿಸುತ್ತಿತ್ತು. ಹೇಳಿದರೆ ಅಣ್ಣ ಇರುತ್ತಾನೆಯೇ ನನಗೆ ಎಂದು ಹೆದರುತ್ತಿದ್ದೆ. ವೈನಿ ಆ ಮಾತು ಎಂದೂ ಎತ್ತಲಿಲ್ಲ. ನನ್ನ ಮಗಳಿಗೆ ಕಿವಿಯ ಹತ್ತಿರ ಬಾಯಿಟ್ಟು ಮಗ್ಗಿ ಕಲಿಸಿದಳು. ಮಗ್ಗಿ ಎಂದರೆ ಗುಟ್ಟಾಗಿ ಹೇಳುವುದು ಎಂದೇ ಮಗಳು ಬಹಳ ದಿನ ತಿಳಿದಿದ್ದಳು.

ಹನ್ನೆರಡನೆಯ ವರ್ಷ, ಒಂದು ಚಳಿಗಾಲ, ಬಂದ ಜ್ವರ ಅವಳ ಎದೆಗಿಳಿಯಿತು. ನಾಲ್ಕು ದಿನದಲ್ಲಿ ಹೋಗಿಬಿಟ್ಟಳು.

ಅವಳು ಹೋದ ಐದನೆಯ ದಿನ ನಾನು ಹಾಸಿಗೆ ಅರಿವೆಯನ್ನೆಲ್ಲ ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ಹಿಂಡುತ್ತಿದ್ದೆ. ಅಣ್ಣ ಬಂದ. ಮಾಡದಿಂದ ಡಬ್ಬಿ ತೆಗೆದ, ಚಮಚ ತುಂಬಿ ಹಾಕಿದ, ಕೋಲು ಹಿಡಿದು ಕಲಸತೊಡಗಿದ. ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತ ಆ ನೀರು ಹಾಕ್ರಿ ಅಂದಾಕಿ ನಾನ," ಎಂದೆ.

ಅವನು ಕಲಸುತ್ತಲೇ ಇದ್ದ. "ಗೊತ್ತದ," ಎಂದ. "ದವಾಖಾನ್ಯಾಗ, ಮರುದಿನಾನ ಪಾಟಿ ಮ್ಯಾಲ ಬರದು ತೋರಿಸಿದ್ಲು. 'ನೀರಿನ ಸುದ್ದಿ ತಂಗಿಯನ್ನು ಕೇಳಬೇಡಿರಿ. ಮದುವೆಯ ಹುಡುಗಿ.' ನಾ ಓದಿದ ಮ್ಯಾಲ ಸೆರಗಲೆ ಒರಸಿಬಿಟ್ಲು. ಅಕಿ ಬ್ಯಾಡ ಅಂದ್ಲು, ಅದಕ್ಕ ನಾ ನಿನ್ನ ಕೇಳ್ಲಿಲ್ಲ."

ಆಮೇಲೆ ಬಕೀಟು ಎತ್ತಿಕೊಂಡು ಹೋಗಿ ಗಟಾರಿಗೆ ಸುರಿದ. ಪೂರಾ ಸುರಿದ. ನಾನು ಬಚ್ಚಲಲ್ಲಿ ಕೂತು ನೋಡಿದೆ, ಒಂದು ಮಾತೂ ಆಡಲಿಲ್ಲ.