ಇನ್ನೊಬ್ಬರ ‘ನಾನು’

ನೈರೋಬಿಯಲ್ಲಿ ನನ್ನ ಕನ್ನಡಕ್ಕೆ ತಿಂಗಳಿಗೊಂದು ಭಾನುವಾರ ಮೀಸಲಾಗಿತ್ತು. ಉಳಿದ ದಿನಗಳಲ್ಲಿ ನಾನು ಪಾಠ ಮಾಡುವ ಶಾಲೆಯಲ್ಲಿ ಇಂಗ್ಲಿಷ್, ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಹರಕುಮುರುಕು ಸ್ವಾಹಿಲಿ, ಮನೆಯಲ್ಲಿ ಬಾಯಿಗೆ ಬೀಗ. ಗಂಡನ ಕೆಲಸದ ನೆಪದಲ್ಲಿ ಈ ಊರಿಗೆ ಬಂದವಳು ನಾನು. ಅವರು ನನ್ನನ್ನೂ ಈ ಊರನ್ನೂ ಬಿಟ್ಟು ಬೇರೆ ದೇಶಕ್ಕೆ ಹೋದ ಮೇಲೆ ಸೌತ್ ಸಿ ಬಡಾವಣೆಯ ಒಂದು ಸಣ್ಣ ಫ್ಲ್ಯಾಟ್ ಹಿಡಿದು ಇಲ್ಲೇ ಉಳಿದೆ. ಯಾಕೆ ಉಳಿದಿರಿ ಎಂದು ಕೇಳಿದವರಿಗೆ ಇಲ್ಲಿನ ಹವೆ ಚೆನ್ನಾಗಿದೆ ಎನ್ನುತ್ತಿದ್ದೆ. ಹವೆಯ ಜೊತೆ ಹರಟೆ ಹೊಡೆಯಲು ಆಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಆ ಭಾನುವಾರ ನಾವು ಕನ್ನಡದವರೆಲ್ಲ ಸೇರುತ್ತಿದ್ದದ್ದು ಲ್ಯಾವಿಂಗ್ಟನ್ನಿನ ಒಂದು ದೊಡ್ಡ ಮನೆಯಲ್ಲಿ. ಮನೆಯ ಯಜಮಾನರು ಬೆಂಗಳೂರಿನವರು, ಯಾವುದೋ ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ದೊಡ್ಡ ಹುದ್ದೆ. ಸ್ವಲ್ಪ ಹೊತ್ತು ಭಜನೆ, ಆಮೇಲೆ ಊಟ, ಊಟದ ಮೇಲೆ ಹುಲ್ಲುಹಾಸಿನಲ್ಲಿ ಕೂತು ಕಾಡುಹರಟೆ. ಮಕ್ಕಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಿದ್ದವು. ನನಗೂ ಮೈಸೂರಿನ ಒಬ್ಬ ಡಾಕ್ಟರಮ್ಮನಿಗೂ ಒಂದು ಮೂಲೆ ಖಾಯಂ. ನಾವಿಬ್ಬರೂ ತಲೆಗೆ ತಲೆ ಕೊಟ್ಟು ಕೂತರೆ ಆ ಮನೆಯಲ್ಲಿ ಒಬ್ಬರನ್ನೂ ಬಿಡುತ್ತಿರಲಿಲ್ಲ. ಆಕೆ ನನ್ನನ್ನು ‘ಏನ್ರೀ’ ಎಂದು ಕರೆಯುವಾಗ ಆ ‘ರೀ’ಯನ್ನು ಎಳೆಯುವ ರೀತಿ ಕೇಳಲಿಕ್ಕಾಗಿಯೇ ಎರಡು ಮಟಾಟು ಬದಲಿಸಿ ಹೋಗುತ್ತಿದ್ದೆ ಎಂದರೆ ಅತಿಶಯೋಕ್ತಿಯಲ್ಲ.

ಅಡಿಗೆ ಮಾಡಿ ಬಡಿಸುತ್ತಿದ್ದವರು ಉಡುಪಿ ಕಡೆಯಿಂದ ಯಜಮಾನರು ಕರೆಸಿಕೊಂಡ ಒಬ್ಬ ಅಡಿಗೆಯವರು. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಸಾರು ಚೆನ್ನಾಗಿದೆ ಎಂದರೆ ತಲೆ ತಗ್ಗಿಸಿ ಇನ್ನೊಂದು ಸೌಟು ಹಾಕಿ ಮುಂದೆ ಹೋಗುತ್ತಿದ್ದರು.

ಈ ನಡುವೆ ನಗರದ ಹಕ್ಕುಗಳ ಆಯೋಗದವರು ನನ್ನನ್ನು ಹಿಡಿದರು. ಹಿಡಿದುಕೊಟ್ಟವಳು ನಮ್ಮ ಶಾಲೆಯ ಸ್ವಾಹಿಲಿ ಟೀಚರ್. ಅವಳ ಅಕ್ಕ ಅಲ್ಲಿ ಅಧಿಕಾರಿ. ಪೇಟೆಯ ಒಂದು ಹಳೇ ಕಟ್ಟಡದಲ್ಲಿ ಇವರ ಕಚೇರಿ. ಅಲ್ಲಿನ ಲಿಫ್ಟ್ ಮನಸ್ಸಾದರೆ ಏರುತ್ತಿತ್ತು. ಆಯೋಗದ ಮೊದಲ ಕೆಲಸ ಊರಿನ ನಾನಾ ಜನರನ್ನು ಒಂದೆಡೆ ಸೇರಿಸಿ ಹಬ್ಬ ಮಾಡುವುದು. ಎರಡನೆಯದು, ಯಾರಿಗಾದರೂ ಅನ್ಯಾಯವಾಗಿದ್ದರೆ ಎರಡೂ ಕಡೆಯವರನ್ನು ಕರೆದು ಕೂರಿಸಿ ಕೇಳುವುದು. ಜೈಲಿಗೆ ಹಾಕುವ ಅಧಿಕಾರ ಇರಲಿಲ್ಲ. ಕೇಳುವುದು, ಬರೆದುಕೊಳ್ಳುವುದು, ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ದಾಟಿಸುವುದು, ಅಷ್ಟೇ. ಊರಿನಲ್ಲಿ ಆಡುವ ಎಲ್ಲ ಭಾಷೆಗಳಲ್ಲಿ ಒಂದು ಪೋಸ್ಟರ್ ಮಾಡುತ್ತಿದ್ದರು. ಕನ್ನಡದ್ದು ನನ್ನ ಪಾಲಿಗೆ ಬಂತು. ‘ನಿಮಗೆ ತೊಂದರೆಯಾಗಿದ್ದರೆ ನಿಮ್ಮ ಭಾಷೆಯಲ್ಲೇ ಹೇಳಿ, ನಾವು ಕೇಳುತ್ತೇವೆ’ ಎಂದು ಬರೆದು ಕೊಟ್ಟೆ. ಕೆಳಗೆ ಅವರ ಫೋನ್ ನಂಬರ್.

ಕಸರಾನಿಯ ಒಂದು ಸಭಾಂಗಣದಲ್ಲಿ ಹಬ್ಬ ನಡೆಯಿತು. ನಮ್ಮವರಿಗೆ ವೈವಿಧ್ಯ ಎಂದರೆ ರೇಷ್ಮೆ ಸೀರೆ ಮತ್ತು ಬಿಸಿಬೇಳೆ ಬಾತ್. ಎರಡನ್ನೂ ಧಾರಾಳವಾಗಿ ತಂದಿದ್ದರು. ಯಜಮಾನರು ಕನ್ನಡದ ಪೋಸ್ಟರನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡರು, ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿದರು. ಅದರಲ್ಲಿ ಏನು ಬರೆದಿದೆ ಎಂದು ಓದಿದ್ದು, ಬಹುಶಃ, ಹಿಂದೆ ನಿಂತು ಬಾತ್ ಬಡಿಸುತ್ತಿದ್ದ ಅಡಿಗೆಯವರು ಒಬ್ಬರೇ.

ಅವರು ಆಯೋಗಕ್ಕೆ ಫೋನ್ ಮಾಡಿದರು. ತಾನು ಯಾರು, ಎಲ್ಲಿದ್ದೇನೆ ಎಂಬಷ್ಟನ್ನು ಹೇಗೋ ತಿಳಿಸಿದರಂತೆ. ಇಂಡಿಯಾದವರು ತಾನೇ ಎಂದು ಆಯೋಗದವರು ಮೊದಲ ದಿನ ಒಬ್ಬ ಹಿಂದಿ ದುಭಾಷಿಯನ್ನು ಕೂರಿಸಿದರು. ಅಡಿಗೆಯವರಿಗೆ ಬರುತ್ತಿದ್ದದ್ದು ತುಳು ಮತ್ತು ಕನ್ನಡ. ದೊಡ್ಡವರ ಮುಂದೆ ಗೊತ್ತಾಗಲಿಲ್ಲ ಎನ್ನಲು ನಾಚಿಕೆಪಟ್ಟು ಎಲ್ಲದಕ್ಕೂ ತಲೆಯಾಡಿಸಿದರು. ‘ದೂರು ಏನೂ ಇಲ್ಲ’ ಎಂದು ಬರೆದುಕೊಂಡಿದ್ದೂ ಆಯಿತು. ಆದರೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಅತ್ತರಂತೆ. ದೂರಿಲ್ಲದವನು ಯಾಕೆ ಅತ್ತ ಎಂದು ಅಧಿಕಾರಿಗೆ ಅನುಮಾನ ಬಂತು. ಕನ್ನಡಕ್ಕೆ ದುಭಾಷಿಯಾಗಿ ಬರುತ್ತೀರಾ ಎಂದು ನನಗೆ ಫೋನ್ ಮಾಡಿದಳು.

ಯಾರ ಮನೆ ಎಂದು ಕೇಳಿದೆ. ನಮ್ಮ ಭಾನುವಾರದ ಮನೆಯೇ. ಡಾಕ್ಟರಮ್ಮನಿಗೆ ಹೇಳಿಕೊಂಡೆ.

“ನಿಮಗ್ಯಾಕ್ರೀ ಈ ಉಸಾಬರಿ?” ಎಂದಳು. “ಬೇರೆ ಯಾರನ್ನಾದ್ರೂ ಕರ್ಕೊಳ್ಳಲಿ ಬಿಡಿ.”

“ಬೇರೆ ಯಾರು ಬರ್ತಾರೆ ಹೇಳಿ. ನೀವು ಬರ್ತೀರಾ?”

“ನನ್ನ ಪ್ರಾಕ್ಟೀಸ್ ನಡೀಬೇಕಲ್ರೀ,” ಎಂದು ನಕ್ಕಳು. ನನಗೂ ನಗು ಬಂತು. ಆಮೇಲೆ ಫೋನ್ ಇಟ್ಟು, ಬರುತ್ತೇನೆ ಎಂದು ಅಧಿಕಾರಿಗೆ ತಿಳಿಸಿದೆ. ಆ ಭಾನುವಾರಗಳು ಹೋದರೆ ನನಗೆ ಏನು ಉಳಿಯುತ್ತದೆ ಎಂದು ಭಯವಾಯಿತು.

ಅಧಿಕಾರಿ ನನಗೆ ಕೆಲಸದ ನಿಯಮ ಹೇಳಿಕೊಟ್ಟಳು. ದುಭಾಷಿ ‘ಅವರು ಹೀಗೆ ಹೇಳುತ್ತಾರೆ’ ಎನ್ನಬಾರದು. ಅವರು ‘ನಾನು’ ಎಂದರೆ ಇವಳೂ ‘ನಾನು’ ಎನ್ನಬೇಕು. ಆ ಕೋಣೆಯಲ್ಲಿ ಯಾರು ಬಾಯಿಬಿಟ್ಟರೂ, ಯಾರಿಗೆ ಹೇಳಿದರೂ, ಅಷ್ಟನ್ನೂ ಎಲ್ಲರಿಗೂ ಕೇಳುವಂತೆ ಹೇಳಬೇಕು. ಇದನ್ನು ಅವಳು ವಿಚಾರಣೆಯ ದಿನವೂ ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಓದಿದಳು. ಯಜಮಾನರು ಆಗ ಮೊಬೈಲು ನೋಡುತ್ತಿದ್ದರು.

ಮೇಜಿನ ಆ ಬದಿಗೆ ಯಜಮಾನರು, ಈ ಬದಿಗೆ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟ ಅಡಿಗೆಯವರು, ನಡುವೆ ನಾನು. ಅಧಿಕಾರಿ ಏನು ತೊಂದರೆ ಎಂದು ಕೇಳಿದಳು.

“ಮಗಳಿಗೆ ಮದುವೆ ನಿಶ್ಚಯ ಆಗಿದೆ ಅಮ್ಮ, ಬರುವ ತಿಂಗಳು,” ಎಂದರು ಅಡಿಗೆಯವರು, ನನ್ನನ್ನೇ ನೋಡುತ್ತ. “ನಂಗೆ ಊರಿಗೆ ಹೋಗ್ಲಿಕ್ಕುಂಟು. ಪಾಸ್‌ಪೋರ್ಟು ಇವರ ಹತ್ರ ಉಂಟು. ಕೇಳಿದ್ರೆ ನೋಡುವಾ ನೋಡುವಾ ಹೇಳ್ತಾರೆ. ನಾನು ಧಾರೆ ಎರೀಬೇಕಲ್ಲ.”

ನನ್ನ ಮಗಳ ಮದುವೆ, ನಾನು ಧಾರೆ ಎರೆಯಬೇಕು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹಾಗೆ ಹೇಳಿದ್ದು ಮಗಳೂ ಇಲ್ಲದ, ಮದುವೆಯೂ ಉಳಿಯದ ಹೆಂಗಸು. ಧಾರೆ ಎಂದರೇನೆಂದು ಅಧಿಕಾರಿ ಕೇಳಿದಳು. ಹುಡುಗ ಹುಡುಗಿಯ ಕೈ ಸೇರಿಸಿ ತಂದೆ ನೀರು ಬಿಡುವುದು ಎಂದು ಅವರು ವಿವರಿಸಿದರು, ನಾನು ವಿವರಿಸಿದೆ. ತಂದೆ ಇಲ್ಲದಿದ್ದರೆ ಬೇರೆ ಯಾರೂ ಮಾಡಬಾರದೇ ಎಂದು ಕೇಳಿದಳು.

“ಚಿಕ್ಕಪ್ಪ ಮಾಡ್ಬಹುದು,” ಎಂದರು. “ಆದ್ರೆ ನಾನು ಬದುಕಿದ್ದೇನಲ್ಲ ಅಮ್ಮ.”

ಅದನ್ನೂ ಹೇಳಿದೆ. ಅಧಿಕಾರಿ ಪೆನ್ನು ಕೆಳಗಿಟ್ಟಳು.

ಯಜಮಾನರು ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದರು. ಪಾಸ್‌ಪೋರ್ಟ್ ಕಳೆದುಹೋಗಬಾರದೆಂದು ಇಟ್ಟುಕೊಂಡದ್ದು, ಯಾವಾಗ ಬೇಕಾದರೂ ಕೊಡುತ್ತೇನೆ, ಇದು ಬರೀ ತಪ್ಪು ತಿಳುವಳಿಕೆ ಎಂದರು. ಎಷ್ಟು ನಯವಾಗಿ ಹೇಳಿದರೆಂದರೆ ನನಗೇ ಹೌದೇನೋ ಅನ್ನಿಸಿತು. ಅಧಿಕಾರಿ ಹಾಗಾದರೆ ಸರಿ ಎಂಬಂತೆ ಪೆನ್ನು ಎತ್ತಿಕೊಂಡಳು. ಆಗ ಯಜಮಾನರು ನನ್ನ ಕಡೆ ತಿರುಗಿ, ಭಾನುವಾರದ ಹುಲ್ಲುಹಾಸಿನಲ್ಲಿ ಮಾತಾಡುವ ಅದೇ ಸಲಿಗೆಯ ದನಿಯಲ್ಲಿ ಕನ್ನಡಕ್ಕೆ ಇಳಿದರು.

“ಮೇಡಂ, ಇದನ್ನ ಟ್ರಾನ್ಸ್‌ಲೇಟ್ ಮಾಡ್ಬೇಡಿ. ಹೆಡ್ ಆಫೀಸಿಂದ ಗೆಸ್ಟ್ಸ್ ಬರ್ತಿದಾರೆ, ಮುಂದಿನ ತಿಂಗಳು ಪೂರ್ತಿ ಮನೇಲಿ ಪಾರ್ಟಿ. ಈಗ ಪಾಸ್‌ಪೋರ್ಟ್ ಕೊಟ್ರೆ ಇವ್ನು ಹೋದೋನು ವಾಪಸ್ ಬರಲ್ಲ. ಮದ್ವೆ ಮುಗೀಲಿ, ಆಮೇಲೆ ಕೊಡ್ತೀನಿ. ನೀವು ಏನಾದ್ರೂ ಸಮಾಧಾನ ಹೇಳಿ ಮುಗ್ಸಿ. ನೀವು ನಮ್ಮೋರಲ್ವಾ?”

ನಮ್ಮೋರು. ಆ ಊರಿನಲ್ಲಿ ನನ್ನನ್ನು ಯಾರೂ ಅಷ್ಟು ಬಾಯಿ ಬಿಟ್ಟು ನಮ್ಮವರು ಎಂದಿರಲಿಲ್ಲ. ಕೇಳಬೇಕು ಎಂದು ಆಸೆಪಟ್ಟಿದ್ದ ಮಾತು ಈ ಹೊತ್ತಿನಲ್ಲಿ ಬಂತಲ್ಲ ಎಂದು ಸಿಟ್ಟು ಬಂತು. ಅಡಿಗೆಯವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತು; ಅವರು ಕಾಯುತ್ತಿದ್ದದ್ದು ನಾನು ಏನು ಮಾಡುತ್ತೇನೆ ಎಂದು.

ನಾನು ಗೋಡೆ ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ‘ಮೇಡಂ, ಇದನ್ನು ಅನುವಾದಿಸಬೇಡಿ’ ಎಂಬಲ್ಲಿಂದ ‘ನೀವು ನಮ್ಮವರಲ್ಲವೇ’ ಎಂಬಲ್ಲಿಯವರೆಗೆ, ಒಂದು ಪದವನ್ನೂ ಬಿಡದೆ. ಮದುವೆ ಮುಗಿಯಲಿ, ಆಮೇಲೆ ಕೊಡುತ್ತೇನೆ ಎಂಬುದನ್ನು ನಿಯಮದಂತೆ ‘ನಾನು’ ಎಂದೇ ಹೇಳಿದೆ. ಯಜಮಾನರ ಮುಖ ಕೆಂಪಾಯಿತು. ಅಧಿಕಾರಿ ಎಲ್ಲ ಬರೆದುಕೊಂಡು, “ಸವಾ,” ಎಂದಳು, ಸರಿ ಎಂದು. ಪಾಸ್‌ಪೋರ್ಟ್ ನಾಳೆ ಈ ಮೇಜಿನ ಮೇಲಿರಲಿ, ಇಲ್ಲವಾದರೆ ಕಾರ್ಮಿಕ ಇಲಾಖೆಯವರು ನಿಮ್ಮ ಸಂಸ್ಥೆಗೇ ಬರುತ್ತಾರೆ ಎಂದಳು.

ಮರುದಿನವೇ ಬಂತು. ಅಡಿಗೆಯವರು ಮದುವೆಗೆ ಹೋದರು. ಧಾರೆ ಆದ ಮೇಲೆ ಛತ್ರದಿಂದಲೇ ನನಗೆ ಫೋನ್ ಮಾಡಿದರು. ಹಿಂದೆ ವಾಲಗದ ಗದ್ದಲ, ಯಾರೋ ಎಲೆ ಹಾಕಿ ಎಲೆ ಹಾಕಿ ಎಂದು ಕೂಗುತ್ತಿದ್ದರು. “ಎರೆದೆ ಅಮ್ಮ,” ಎಂದರು. ಅಷ್ಟು ಹೇಳಿ ಅತ್ತರು. ನನಗೆ ಬಹಳ ಸಂತೋಷವಾಯಿತು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನನ್ನನ್ನು ಗ್ರೂಪಿನಿಂದ ಯಾರೂ ತೆಗೆದಿರಲಿಲ್ಲ. ನಮ್ಮವರು ಅಷ್ಟು ಒರಟರಲ್ಲ. ಬೇರೆ ಗ್ರೂಪ್ ಮಾಡಿಕೊಂಡಿದ್ದರು, ಅಷ್ಟೇ. ಹಳೆಯದರಲ್ಲಿ ಯುಗಾದಿಗೆ ನಾನು ಹಾಕಿದ ಶುಭಾಶಯ ಹಾಗೇ ಕೂತಿತ್ತು. ಎಲ್ಲರೂ ನೋಡಿದ್ದರು, ಒಬ್ಬರೂ ಏನೂ ಬರೆಯಲಿಲ್ಲ. ತಿಂಗಳ ಭಾನುವಾರ ಬಂದಾಗ ಸೀರೆ ಉಟ್ಟು ಮತ್ತೆ ಬಿಚ್ಚಿಟ್ಟದ್ದೂ ಉಂಟು. ಆಯೋಗದ ಅಧಿಕಾರಿ ಆಗಾಗ ಚಹಾಕ್ಕೆ ಕರೆಯುತ್ತಿದ್ದಳು. ಒಳ್ಳೆಯವಳು, ಆದರೆ ಅವಳ ಜೊತೆ ಕನ್ನಡದಲ್ಲಿ ಯಾರನ್ನು ಆಡಿಕೊಳ್ಳಲಿ?

ಎಷ್ಟೋ ತಿಂಗಳ ಮೇಲೆ, ನಮ್ಮ ಕಡೆಯ ತರಕಾರಿ ಸಿಗುವ ಒಂದು ಅಂಗಡಿಯಲ್ಲಿ ಡಾಕ್ಟರಮ್ಮ ಸಿಕ್ಕಳು. ನುಗ್ಗೆಕಾಯಿ ಆರಿಸುತ್ತಿದ್ದಳು, ಪಕ್ಕದಲ್ಲಿ ಗುಂಪಿನ ಇನ್ನೊಬ್ಬ ಹೆಂಗಸು. ಇಬ್ಬರೂ ಕನ್ನಡದಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನನ್ನನ್ನು ಕಂಡದ್ದೇ ಮಾತು ನಿಂತಿತು.

“ಚೆನ್ನಾಗಿದೀರಾ ರೀ?” ಎಂದೆ.

“ಹಾಯ್, ಲಾಂಗ್ ಟೈಮ್,” ಎಂದಳು ಡಾಕ್ಟರಮ್ಮ. “ಹೌ ಆರ್ ಯು?”

“ಮಕ್ಕಳು ಹೇಗಿದಾರೆ? ದೊಡ್ಡೋಳ ಪರೀಕ್ಷೆ ಆಯ್ತಾ?”

“ದೆ ಆರ್ ಗುಡ್, ಥ್ಯಾಂಕ್ಯೂ,” ಎಂದು ಜೊತೆಗಿದ್ದವಳ ಮುಖ ನೋಡಿದಳು. ಕನ್ನಡದಲ್ಲಿ ಹೇಳಿದ್ದು ನನ್ನ ಹತ್ತಿರ ಉಳಿಯುವುದಿಲ್ಲ ಎಂದು ಆ ಊರಿನ ಕನ್ನಡದವರಿಗೆಲ್ಲ ಗೊತ್ತಾಗಿಹೋಗಿತ್ತು. ಒಂದು ‘ರೀ’ ಆದರೂ ಬರುತ್ತದೇನೋ ಎಂದು ನಾನು ನುಗ್ಗೆಕಾಯಿ ಕೈಯಲ್ಲಿ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತೆ. ಅವಳು ದುಡ್ಡು ಕೊಟ್ಟು, “ಟೇಕ್ ಕೇರ್,” ಎಂದು ಹೊರಟಳು.